ಚೆಕ್‌ಪಾಯಿಂಟಿನಲ್ಲಿ ಕೇಳಿದ್ದು ನನ್ನನ್ನು

ನಮ್ಮನೆಯವರಿಗೆ ಜೆರಾಕ್ಸ್ ಮೇಲೆ ಇರುವ ನಂಬಿಕೆ ದೇವರ ಮೇಲೂ ಇಲ್ಲ. ಧಾರವಾಡದಲ್ಲಿ ಓದಿದವರು. ಮಾರ್ಕ್ಸ್ ಕಾರ್ಡಿನ ಒರಿಜಿನಲ್ ಟ್ರಂಕಿನಲ್ಲಿರಬೇಕು, ಊರೂರು ತಿರುಗುವುದೇನಿದ್ದರೂ ಅದರ ಜೆರಾಕ್ಸು ಎಂಬ ನಿಯಮದಲ್ಲಿ ಬೆಳೆದವರು. ಹೀಗಾಗಿ ಆ ವರ್ಷ ಥ್ಯಾಂಕ್ಸ್‌ಗಿವಿಂಗ್ ರಜೆಗೆ ನಾವಿದ್ದ ಪ್ಲೇನೋದಿಂದ ಮೆಕ್ಸಿಕೋ ಗಡಿ ಹತ್ತಿರದ ಸಮುದ್ರತೀರ ಸೌತ್ ಪಾಡ್ರೆ ಐಲೆಂಡಿಗೆ ಹೊರಟಾಗ ಮನೆಮಂದಿಯೆಲ್ಲರ ಪಾಸ್‌ಪೋರ್ಟಿನ ಕಲರ್ ಜೆರಾಕ್ಸ್ ತೆಗೆದು, ಲ್ಯಾಮಿನೇಟ್ ಮಾಡಿಸಿ, ನೀಲಿ ಫೈಲಿಗೆ ಹಾಕಿಕೊಂಡರು. ಒರಿಜಿನಲ್‌ಗಳು ಬೆಂಕಿ ಬಿದ್ದರೂ ಸುಡದ ಒಂದು ಪೆಟ್ಟಿಗೆಯಲ್ಲಿ, ಕ್ಲೋಸೆಟ್ಟಿನ ಮೇಲಿನ ಅಟ್ಟದಲ್ಲಿ ಭದ್ರ.

"ರೀ, ಒರಿಜಿನಲ್ಲೇ ಜೊತೇಲಿರಬೇಕು ಅಂತ ಕಾನೂನಿದೆ," ಅಂದೆ.

"ಹೋದ ವರ್ಷ ಆ ಚೆಕ್‌ಪಾಯಿಂಟಿನ ಮನಷ್ಯಾ ಫೈಲ್ ಬಿಚ್ಚಿ ಸೈತ ನೋಡ್ಲಿಲ್ಲ. ಒರಿಜಿನಲ್ ಒಯ್ದು ಕಳಕೊಂಡ್ರ ಕಾನ್ಸುಲೇಟಿಗೆ ಯಾರು ಅಡ್ಡಾಡವ್ರು?" ಅಂದರು. ಹ್ಯೂಸ್ಟನ್ನಿನಲ್ಲಿ ಇವರ ಸಹೋದ್ಯೋಗಿಯೊಬ್ಬರ ಕಾರಿನ ಗಾಜು ಒಡೆದು ಪಾಸ್‌ಪೋರ್ಟಿದ್ದ ಬ್ಯಾಗನ್ನೇ ಯಾರೋ ಹೊತ್ತುಕೊಂಡು ಹೋಗಿದ್ದರು. ಆ ಪೆಟ್ಟಿಗೆ ನಮ್ಮ ಮನೆಗೆ ಬಂದದ್ದು ಆಮೇಲೆಯೇ.

ಪಾಡ್ರೆಗೆ ಹೋಗಿ ಬಂದ ನಮ್ಮ ಜನಕ್ಕೆಲ್ಲ ಗೊತ್ತಿರುವ ವಿಷಯ ಇದು. ಹೋಗುವಾಗ ಯಾರೂ ತಡೆಯುವುದಿಲ್ಲ. ವಾಪಸ್ ಬರುವಾಗ, ಸಮುದ್ರ ಬಿಟ್ಟು ಒಂದೂವರೆ ಗಂಟೆ ಡ್ರೈವ್ ಮಾಡಿದ ಮೇಲೆ, ಹೈವೇಗೆ ಅಡ್ಡವಾಗಿ ಒಂದು ಚೆಕ್‌ಪಾಯಿಂಟ್ ಸಿಗುತ್ತದೆ. ನೀವು ಮೆಕ್ಸಿಕೋದ ಮುಖ ನೋಡಿರುವುದಿಲ್ಲ, ಮರಳಲ್ಲಿ ಮಕ್ಕಳನ್ನು ಆಡಿಸಿಕೊಂಡು ಬಂದಿರುತ್ತೀರಿ. ಆದರೂ ಗಡಿ ಹತ್ತಿರ ಅಂತ ಪ್ರತಿ ಕಾರನ್ನೂ ನಿಲ್ಲಿಸಿ, ನೀವು ಈ ದೇಶದ ಪ್ರಜೆಯಾ, ಅಲ್ಲದಿದ್ದರೆ ಕಾಗದ ತೋರಿಸಿ ಅನ್ನುತ್ತಾರೆ.

ಹಿಂದಿನ ವರ್ಷ ಅಲ್ಲೇ ನನಗೊಂದು ಗಾಯ ಆಗಿತ್ತು. ಆಗ ನಾವಿನ್ನೂ ಹ್ಯೂಸ್ಟನ್ನಿನಲ್ಲಿದ್ದೆವು. ಕಿಟಕಿಗೆ ಬಗ್ಗಿದ ಆಫೀಸರು ಇವರನ್ನು ಎರಡು ಪ್ರಶ್ನೆ ಕೇಳಿ, ನನ್ನ ಕಡೆ ತಿರುಗಿ, "ನೀವೇನು ಮಾಡ್ತೀರಿ, ಮ್ಯಾಮ್?" ಅಂದ. ನಾನು ಬಾಯಿ ತೆರೆಯುವಷ್ಟರಲ್ಲಿ ಇವರು ಸ್ಟೀರಿಂಗ್ ಮೇಲಿಂದಲೇ, "ಶೀ ಈಸ್ ಮೈ ಡಿಪೆಂಡೆಂಟ್. ಶೀ ಡಸಂಟ್ ಡು ಎನಿಥಿಂಗ್," ಅಂದುಬಿಟ್ಟರು. ಆಫೀಸರು ತಲೆಯಾಡಿಸಿ ಕಳಿಸಿದ. ಅಷ್ಟೇ. ಒಂದು ನಿಮಿಷದ ಮಾತು.

ಏನೂ ಮಾಡಲ್ಲವಂತೆ. ಮೈಸೂರಿನ ಪಿಯು ಕಾಲೇಜಿನಲ್ಲಿ ಆರು ವರ್ಷ ಕೆಮಿಸ್ಟ್ರಿ ಪಾಠ ಮಾಡಿದವಳು ನಾನು. ಎಂಬತ್ತು ಹುಡುಗರ ಕ್ಲಾಸನ್ನು ದನಿ ಏರಿಸದೆ ಸುಮ್ಮನಾಗಿಸಿದ್ದೀನಿ. ಇಲ್ಲಿಗೆ ಬಂದ ಮೇಲೆ ಎಚ್-ಫೋರ್ ವೀಸಾ, ಅಂದರೆ ಗಂಡನ ವೀಸಾಕ್ಕೆ ಜೋತುಬಿದ್ದ ಹೆಂಡತಿಯ ವೀಸಾ. ನಮ್ಮಂಥವರಿಗೆ ಕೆಲಸದ ಪರ್ಮಿಟ್ ಕೊಡುವ ಮಾತು ಆಗಿನ್ನೂ ಬರೀ ಮಾತಾಗಿತ್ತು. ಕೆಲಸ ಮಾಡುವ ಹಾಗಿಲ್ಲ ಅನ್ನುವುದಕ್ಕೂ ಏನೂ ಮಾಡಲ್ಲ ಅನ್ನುವುದಕ್ಕೂ ವ್ಯತ್ಯಾಸ ಇಲ್ಲವಾ? ಅದನ್ನು ಕೇಳಿದ್ದಕ್ಕೆ, "ಅವನ ಮುಂದ ನಿನ್ನ ಚರಿತ್ರೆ ಹೇಳ್ಕೋತ ಕೂಡ್ಲ್ಯಾ?" ಅಂತ ನಕ್ಕಿದ್ದರು. ಹ್ಯೂಸ್ಟನ್ ಬರುವವರೆಗೆ ಮಾತಾಡಲಿಲ್ಲ, ಅದೂ ಇವರಿಗೆ ಗೊತ್ತಾಗಲಿಲ್ಲ, ನಿದ್ದೆ ಬಂದಿದೆ ಅಂದುಕೊಂಡರಂತೆ.

ಅವತ್ತೇ ತೀರ್ಮಾನ ಮಾಡಿದ್ದೆ. ಇನ್ನೊಂದು ಸಲ ಯಾರಾದರೂ ನನ್ನನ್ನು ಏನಾದರೂ ಕೇಳಿದರೆ ಉತ್ತರ ನನ್ನ ಬಾಯಿಂದಲೇ ಬರಬೇಕು. ತಪ್ಪಾದರೂ ಸರಿ, ತಡವಾದರೂ ಸರಿ.

ಈ ಸಲ ಹೊರಡುವ ದಿನ ಇವರು ಸ್ನಾನಕ್ಕೆ ಹೋದಾಗ ಸ್ಟೂಲ್ ಹಾಕಿಕೊಂಡು ಪೆಟ್ಟಿಗೆ ಇಳಿಸಿದೆ. ನನ್ನ ಪಾಸ್‌ಪೋರ್ಟು, ವೀಸಾ ಕಾಗದ, ಮಗಳ ಪಾಸ್‌ಪೋರ್ಟು ತೆಗೆದು ಹ್ಯಾಂಡ್‌ಬ್ಯಾಗಿಗೆ ಹಾಕಿಕೊಂಡೆ. ಇವರದ್ದೂ ಕೈಗೆ ಸಿಕ್ಕಿತು. ಒಂದು ಗಳಿಗೆ ಹಿಡಿದುಕೊಂಡು ನಿಂತೆ. ಮತ್ತೆ ಅಲ್ಲೇ ಇಟ್ಟೆ. ಹೇಳಿದ್ದು ಕೇಳದವರ ಸಾಮಾನು ನಾನ್ಯಾಕೆ ಹೊರಲಿ? ಸುಳ್ಳು ಹೇಳಲ್ಲ, ಸೇಡಿನ ಬುದ್ಧಿಯೇ ಅದು.

ಆರು ತಿಂಗಳಿಗೆ ಅಂತ ಬಂದಿದ್ದ ನಮ್ಮ ಅತ್ತೆಯವರ ಪಾಸ್‌ಪೋರ್ಟಂತೂ ಪೆಟ್ಟಿಗೆ ಕಂಡೇ ಇರಲಿಲ್ಲ. ಜೆರಾಕ್ಸ್ ಮಾಡಲು ಒಂದು ಸಲ ಕೊಟ್ಟು, ಮಷೀನಿನ ಪಕ್ಕದಲ್ಲೇ ನಿಂತು ವಾಪಸ್ ಇಸಕೊಂಡಿದ್ದರು. "ನನ್ನ ಹೆಸರಿಂದು ನನ್ನ ಹತ್ರಾನ ಇರ್ಲಿ," ಅಂತ ಸೊಂಟದ ಸಂಚಿಯಲ್ಲಿ ಇಟ್ಟುಕೊಂಡೇ ಓಡಾಡುತ್ತಿದ್ದರು.

ಮೂರು ದಿನ ಸಮುದ್ರ ಚೆನ್ನಾಗಿತ್ತು. ಅತ್ತೆ ಸೀರೆ ಎತ್ತಿ ಕಟ್ಟಿ ಮೊಣಕಾಲ ನೀರಿನವರೆಗೂ ಹೋದರು. ಭಾನುವಾರ ಬೆಳಿಗ್ಗೆ ಚಿತ್ರಾನ್ನದ ಡಬ್ಬಿ ಕಟ್ಟಿಕೊಂಡು ಹೊರಟೆವು. ಸಂಜೆ ಹೊತ್ತಿಗೆ ದಾರಿಯಲ್ಲಿ ಸಿಗುವ ಆಸ್ಟಿನ್ನಿನಲ್ಲಿ ಇವರ ಕಾಲೇಜು ಗೆಳೆಯರ ಮನೆ, ಅಲ್ಲಿ ಊಟ, ಮಾರನೆಯ ದಿನ ಪ್ಲೇನೋ ಅಂತ ಪ್ಲಾನು.

ಚೆಕ್‌ಪಾಯಿಂಟು ಇನ್ನು ಹತ್ತು ಮೈಲಿ ಇರುವಾಗಲೇ ಇವರ ಪಾಠ ಶುರುವಾಯಿತು. ರೇಡಿಯೋ ಆಫ್ ಮಾಡಿಸಿದರು. ಕೂಲಿಂಗ್ ಗ್ಲಾಸ್ ತೆಗೆಸಿದರು. ಕಿಟಕಿ ನಾಲ್ಕೂ ಇಳಿಸಿದರು. "ಯಾರೂ ಮಾತಾಡಬ್ಯಾಡ್ರಿ. ನಾ ಮಾತಾಡ್ತೀನಿ. ಕೇಳಿದ್ದಕ್ಕಷ್ಟ ಉತ್ತರ. ಮಾತು ಆಡಿದ್ರ ಹೋತು, ಮುತ್ತು ಒಡದ್ರ ಹೋತು."

"ನನ್ನನ್ನ ಕೇಳಿದ್ರೆ ನಾನು ಹೇಳ್ತೀನಿ," ಅಂದೆ.

"ನಿನ್ನ ಯಾಕ ಕೇಳ್ತಾರ?"

ಹಿಂದಿನ ಸೀಟಿನಿಂದ ಅತ್ತೆ, "ಬಾಯಿ ಇದ್ದಾಕಿ ಮಾತಾಡಿದ್ರ ನಿನಗೇನಪಾ ತ್ರಾಸು?" ಅಂದರು. ಇವರು ಬ್ರೇಕ್ ಒತ್ತಿದರು. ಮುಂದೆ ಕಾರುಗಳ ಸಾಲು ಕಾಣುತ್ತಿತ್ತು.

ನಮ್ಮ ಸರದಿ ಬಂತು. ಹಸಿರು ಯೂನಿಫಾರ್ಮಿನ ಆಫೀಸರು ಎಲ್ಲರೂ ಪ್ರಜೆಗಳಾ ಅಂತ ಕೇಳಿದ. ಇವರು "ನೋ ಸರ್" ಅಂದು ಎರಡೂ ಕೈಯಲ್ಲಿ ಫೈಲು ಕೊಟ್ಟರು, ಪ್ರಸಾದ ಕೊಡುವ ಹಾಗೆ. ಅವನು ಒಂದು ಹಾಳೆ ಹೊರಗೆಳೆದು ಬಗ್ಗಿಸಿ ನೋಡಿದ. ಲ್ಯಾಮಿನೇಷನ್ ಟಪ್ಪೆಂದಿತು.

"ಇವು ಕಾಪಿಗಳು."

"ಕಲರ್ ಕಾಪಿ, ಸರ್."

"ಒರಿಜಿನಲ್ ಎಲ್ಲಿ?"

"ಮನೆಯಲ್ಲಿ ಸೇಫಾಗಿವೆ, ಸರ್."

"ಮನೆ ಎಲ್ಲಿ?"

"ಪ್ಲೇನೋ, ಸರ್." ಅಲ್ಲಿಂದ ಪ್ಲೇನೋಗೆ ಹತ್ತಿರ ಹತ್ತಿರ ಐನೂರು ಮೈಲಿ. ಆಫೀಸರು ನಗಲಿಲ್ಲ. ಪಕ್ಕದ ಶೆಡ್ಡಿನ ಕೆಳಗೆ ಕಾರು ನಿಲ್ಲಿಸಲು ಕೈ ತೋರಿಸಿದ.

ನಾನು ಹ್ಯಾಂಡ್‌ಬ್ಯಾಗಿನಿಂದ ನನ್ನದು, ಮಗಳದ್ದು ತೆಗೆದು ಕೊಟ್ಟೆ. ಅತ್ತೆ ಸಂಚಿಯ ದಾರ ಬಿಚ್ಚಿ ತಮ್ಮದು ಕೊಟ್ಟರು. ಇವರು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ಕೋಪವೋ, ಗಾಬರಿಯೋ, ನೀನು ಇದನ್ನು ಯಾವಾಗ ತೆಗೆದೆ ಅನ್ನುವ ಪ್ರಶ್ನೆಯೋ, ಎಲ್ಲ ಸೇರಿತ್ತು. ಇನ್ನೊಬ್ಬ ಆಫೀಸರು ಬಂದು ಇವರನ್ನು ಒಳಗೆ ಕರೆದುಕೊಂಡು ಹೋದ. ಐದು ವರ್ಷದ ಮಗಳು, "ಅಮ್ಮಾ, ಆರ್ ವೀ ಇನ್ ಟ್ರಬಲ್?" ಅಂದಳು. "ನಾವಲ್ಲ, ನಿಮ್ಮಪ್ಪ," ಅಂದೆ. ಹಾಗಂದ ಮೇಲೆ ನನಗೇ ಭಯ ಆಯಿತು. ಇವರನ್ನು ಇಲ್ಲೇ ಇಟ್ಟುಕೊಂಡರೆ? ನನ್ನ ವೀಸಾ ನಿಂತಿರುವುದೇ ಇವರ ವೀಸಾದ ಮೇಲೆ. ಆ ಪಾಸ್‌ಪೋರ್ಟನ್ನು ಪೆಟ್ಟಿಗೆಗೆ ವಾಪಸ್ ಇಟ್ಟ ನನ್ನ ಕೈಯನ್ನು ನಾನೇ ಬೈದುಕೊಂಡೆ.

ಹತ್ತು ನಿಮಿಷದ ಮೇಲೆ ನನ್ನನ್ನೂ ಒಳಗೆ ಕರೆದರು. ಇವರು ಗೋಡೆ ಬದಿಯ ಬೆಂಚಿನ ಮೇಲೆ ಕೈ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಕೌಂಟರಿನಲ್ಲಿ ವಯಸ್ಸಾದ ಒಬ್ಬ ಆಫೀಸರು. ಲ್ಯಾಮಿನೇಟ್ ಮಾಡಿದ ಕಾಪಿಯನ್ನು ಬೋರಲು ಹಾಕಿ ಅದರ ಮೇಲೆ ಕೈ ಇಟ್ಟಿದ್ದ. ಕಾಪಿ ಯಾರು ಬೇಕಾದರೂ ಮಾಡಿಸಬಹುದು, ನಿಮ್ಮ ಗಂಡ ತಮ್ಮ ಪಾಸ್‌ಪೋರ್ಟ್ ನಂಬರನ್ನು ಎರಡು ಸಲ ತಪ್ಪು ಹೇಳಿದ್ದಾರೆ, ದೇಶದೊಳಗೆ ಬಂದ ತಿಂಗಳನ್ನೂ ತಪ್ಪು ಹೇಳಿದ್ದಾರೆ, ನಿಮಗೇನಾದರೂ ಗೊತ್ತಾ ಅಂತ ಕೇಳಿದ.

ನನಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತಿರಬೇಕು? ಈ ಮನೆಯ ಪ್ರತಿ ವೀಸಾ ಫಾರ್ಮು, ಪ್ರತಿ ಎಕ್ಸ್‌ಟೆನ್ಷನ್ನು ತುಂಬಿದವಳು ನಾನು. "ಹೆಂಗೂ ಮನ್ಯಾಗ ಇರ್ತೀಯಲ್ಲ, ನೀನ ತುಂಬು," ಅಂತ ಲ್ಯಾಪ್‌ಟಾಪು ನನ್ನ ಕಡೆ ತಳ್ಳಿದವರು ಇವರೇ. ಇವರ ಪಾಸ್‌ಪೋರ್ಟ್ ನಂಬರನ್ನು ಅದೆಷ್ಟು ಸಲ ಟೈಪ್ ಮಾಡಿದ್ದೆನೋ.

ಹೇಳಲು ಬಾಯಿ ತೆರೆದಾಗ ಬೆಂಚಿನ ಮೇಲಿಂದ ಇವರು ಬೆರಳಿನಲ್ಲಿ ಸನ್ನೆ ಮಾಡಿದರು. ಹೆಚ್ಚು ಬೇಡ, ಚಿಕ್ಕದಾಗಿ ಹೇಳು ಅಂತ. ಅಂಥ ಹೊತ್ತಲ್ಲೂ. ನಾನು ಅವರಿಗೆ ಬೆನ್ನು ಹಾಕಿ ನಿಂತೆ. ಕೌಂಟರಿನ ಅಂಚು ಹಿಡಿದುಕೊಂಡೆ. ನಂಬರು ಹೇಳಿದೆ. ಮೊದಲು ಬಂದ ದಿನ, ಕೊನೆಯ ಸಲ ಬೆಂಗಳೂರಿಂದ ವಾಪಸ್ ಬಂದ ದಿನ, ಇಳಿದ ಏರ್‌ಪೋರ್ಟು, ಕಂಪನಿ ಹೆಸರು, ವೀಸಾ ಮುಗಿಯುವ ತಾರೀಖು, ಒಂದಾದ ಮೇಲೊಂದು ಹೇಳಿದೆ. ಕ್ಲಾಸಿನಲ್ಲಿ ಪೀರಿಯಾಡಿಕ್ ಟೇಬಲ್ ಹೇಳುತ್ತಿದ್ದ ದನಿ ಎಲ್ಲಿತ್ತೋ ಏನೋ, ಬಂತು. ಆಫೀಸರು ಕಾಪಿ ತಿರುಗಿಸಿ ನೋಡುತ್ತಾ, ಕಂಪ್ಯೂಟರಿನಲ್ಲಿ ಒತ್ತುತ್ತಾ ಹೋದ.

ಕೊನೆಗೆ, "ನೀವೇನು ಮಾಡ್ತೀರಿ, ಮ್ಯಾಮ್?" ಅಂದ.

"ಆರು ವರ್ಷ ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸಿದ್ದೀನಿ. ಇಲ್ಲಿ ಕಲಿಸೋದಕ್ಕೆ ನಿಮ್ಮ ಕಾನೂನು ಬಿಡೋದಿಲ್ಲ."

ಅವನು ತಲೆ ಎತ್ತಿದ. "ಆ ಕಾನೂನು ನಾನು ಮಾಡಿದ್ದಲ್ಲ, ಮ್ಯಾಮ್."

"ಗೊತ್ತು. ನೀವು ಕೇಳಿದಿರಿ, ಹೇಳಿದೆ."

ಹಿಂದೆ ಬೆಂಚು ಕಿರ್ ಅಂದಿತು. ಹೆದರಿಕೆ ಹೋಗಿರಲಿಲ್ಲ, ಆದರೆ ಅದರ ಜೊತೆಗೇ ಎಂಥದೋ ಖುಷಿ ಆಗುತ್ತಿತ್ತು. ಇವರ ಬೆರಳಚ್ಚು ತೆಗೆದುಕೊಂಡರು. ಇನ್ನೂ ಒಂದು ಗಂಟೆ ಕಾಯಿಸಿದರು. ಆಮೇಲೆ, ಇನ್ನು ಮುಂದೆ ಒರಿಜಿನಲ್ ಜೊತೆಯಲ್ಲಿರಲಿ, ಇಲ್ಲದಿದ್ದರೆ ದಂಡ ಬೀಳುತ್ತದೆ ಅಂತ ಎಚ್ಚರಿಕೆ ಕೊಟ್ಟು ಕಳಿಸಿದರು. ಅಷ್ಟು ಹೊತ್ತಿಗೆ ಅತ್ತೆ ಮತ್ತು ಮಗಳು ಕಾರಿನಲ್ಲಿ ಚಿತ್ರಾನ್ನ ಮುಗಿಸಿದ್ದರು.

ಇವರು ಕೀ ನನ್ನ ಕೈಗೆ ಕೊಟ್ಟರು. ಆಸ್ಟಿನ್ನಿನವರೆಗೆ ನಾನೇ ಡ್ರೈವ್ ಮಾಡಿದೆ. ನಡುವೆ ಎಲ್ಲೋ, "ಪಾರಾದ್ವಿ ನೋಡು," ಅಂದರು. ಪಾಪ ಅನ್ನಿಸಿತು.

ಗೆಳೆಯರ ಮನೆ ಊರಿನ ಡೊಮೇನ್ ಅನ್ನುವ ಶಾಪಿಂಗ್ ಸೆಂಟರಿನ ಹತ್ತಿರ. ಹ್ಯೂಸ್ಟನ್ನಿನಿಂದ ಬಂದಿದ್ದ ಇನ್ನೆರಡು ಸಂಸಾರ ಅಲ್ಲಿತ್ತು. ಎಲ್ಲರೂ ತಟ್ಟೆ ಹಿಡಿದು ಕೂತಾಗ, ಯಾಕೆ ಇಷ್ಟು ತಡ ಅಂತ ಗೆಳೆಯರು ಕೇಳಿದರು. ಇವರು ಕಾಯುತ್ತಿದ್ದವರ ಹಾಗೆ ಶುರು ಮಾಡಿದರು. ಬಣ್ಣ ಹಚ್ಚಿ ಹೇಳುವುದರಲ್ಲಿ ಇವರನ್ನು ಮೀರಿಸುವವರಿಲ್ಲ. ಲ್ಯಾಮಿನೇಷನ್ ಕಥೆಗೆ ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಇವರು ಹೇಳಿದರು: "ಮುದುಕ ಆಫೀಸರ್ ಕಾಪಿ ಡಬ್ಬ ಹಾಕಿ ಪಾಸ್‌ಪೋರ್ಟ್ ನಂಬರ್ ಹೇಳು ಅಂದ. ನಾ ಹೆದರ್ತೀನೇನು? ನಂಬರ್, ತಾರೀಖು, ಎಲ್ಲಾ ಬಾಯಿಪಾಠ ಒಪ್ಪಿಸಿದೆ. ದಂಗಾಗಿ ಬಿಟ್ಟ."

ಗಂಡಸರು ಹೋ ಅಂದರು. ಒಬ್ಬಾಕೆ, "ಸದ್ಯ, ಇವರ ತಲೆ ಚುರುಕಾಗಿತ್ತು," ಅಂತ ನನ್ನ ಕಡೆ ನೋಡಿ ಹೇಳಿದಳು. ನಾನು ಹೌದು ಅನ್ನಲಿ ಅಂತ ಎಲ್ಲರೂ ಕಾದರು. ಅನ್ನಬಹುದಿತ್ತು. ನಾಲ್ಕು ಜನರ ಮುಂದೆ ಗಂಡನ ಮರ್ಯಾದೆ ತೆಗೆಯಬಾರದು ಅಂತ ನಮ್ಮಮ್ಮ ಹೇಳಿಕೊಟ್ಟದ್ದು ಮರೆತಿರಲಿಲ್ಲ. ನನ್ನ ಮರ್ಯಾದೆಯ ಬಗ್ಗೆ ಆಕೆ ಏನೂ ಹೇಳಿಕೊಟ್ಟಿರಲಿಲ್ಲ.

"ಅದನ್ನ ಹೇಳಿದ್ದು ನಾನು," ಅಂದೆ.

ಇವರು ನಕ್ಕರು. "ಯಾರ್ ಹೇಳಿದ್ರೇನು, ಬಿಟ್ರಲ್ಲ."

"ಹಾಗಲ್ಲ ರೀ. ಅವನು ಕೇಳಿದ್ದು ನನ್ನನ್ನ. ಹೇಳಿದ್ದು ನಾನು. ನೀವು ಬೆಂಚಿನ ಮೇಲಿದ್ದಿರಿ."

"ಖರೇನ ಐತಿ," ಅಂದರು ಅತ್ತೆ, ಮೊಮ್ಮಗಳಿಗೆ ಅನ್ನ ಕಲಸುತ್ತಾ. ಮಗನ ಕಡೆ ನೋಡಲಿಲ್ಲ.

ಇವರ ಮುಖ ಸಣ್ಣದಾಯಿತು. ನನಗೆ ಸಂತೋಷವೇನೂ ಆಗಲಿಲ್ಲ, ಆದರೆ ಹಿಂದೆ ಸರಿಯಲೂ ಮನಸ್ಸಾಗಲಿಲ್ಲ. ತಟ್ಟೆ ಕೆಳಗಿಟ್ಟೆ. ಹೋದ ವರ್ಷ ಅದೇ ಜಾಗದಲ್ಲಿ ಇವರು ನನ್ನ ಬಗ್ಗೆ ಹೇಳಿದ ಆ ಎರಡು ವಾಕ್ಯದಿಂದ ಶುರು ಮಾಡಿ, ಇವರ ಪಾಸ್‌ಪೋರ್ಟನ್ನು ಬೇಕಂತಲೇ ಪೆಟ್ಟಿಗೆಯಲ್ಲಿ ಬಿಟ್ಟು ಬಂದದ್ದನ್ನೂ ಸೇರಿಸಿ, ಒಂದೂ ಬಿಡದೆ ಹೇಳಿದೆ. ಇವರು ಎದ್ದು ಹೋಗಿ ನೀರು ಕುಡಿದು, ಬಂದು ಅಲ್ಲೇ ಕೂತರು. ನಾನು ಮುಗಿಸುವವರೆಗೆ ನನ್ನ ಬದಲು ಯಾರೂ ಬಾಯಿ ತೆರೆಯಲಿಲ್ಲ.