ಕ್ಯಾರಿಸೀಮಾ ಮತ್ತು ಎಡಚ ಬೇಟೆಗಾರ

ಬ್ವಿಂಡಿ ಕಾಡಿನಂಚಿನ ರುಹಿಜಾದಲ್ಲಿ ಗೊರಿಲ್ಲಾಗಳ ಜಾಡು ಹಿಡಿಯುವವರ ಪೈಕಿ ಕ್ಯಾರಿಸೀಮಾ ಒಬ್ಬಳೇ ಹೆಂಗಸು. ಆ ಕೆಲಸ ಮೊದಲು ಅವಳ ಗಂಡ ಬೆಯಾಂಗನದು. ಜಿಂಕೆಗೆ ಒಡ್ಡಿದ ಉರುಳು ಕೀಳಲು ಹೋದವನನ್ನು ಯಾರೋ ಈಟಿಯಿಂದ ತಿವಿದಿದ್ದರು. ಮನೆಗೆ ಹೊತ್ತು ತಂದಾಗ ಅವನ ಬಾಯಿಂದ ಹೊರಟದ್ದು ಒಂದೇ ಮಾತು: "ಎಡಚ."

ಪಕ್ಕದ ಗುಡ್ಡದ ಬಿಟಾರಿಹೊ ಎಡಚ. ಬೆಯಾಂಗನ ಗೆಳೆಯ. ಗೋರಿ ತೋಡಲು ಗುದ್ದಲಿ ಹಿಡಿದವನೂ ಅವನೇ, ಸೂತಕದ ಮನೆಯಲ್ಲಿ ಕೂತು ಎರಡು ಸಲ ಹುರುಳಿಕಾಯಿ ಬೀಜದ ಸಾರು ಬಡಿಸಿಕೊಂಡವನೂ ಅವನೇ. ಕ್ಯಾರಿಸೀಮಾ ಅವನ ಹೆಸರು ಹೇಳಿ ದೂರು ಕೊಟ್ಟಾಗ ಪೊಲೀಸರು ನಕ್ಕರು.

"ಈ ಬೆಟ್ಟದಲ್ಲಿ ಎಡಚ ಅವನೊಬ್ನೇ ಏನಮ್ಮಾ?"

ಕ್ಯಾರಿಸೀಮಾ ಅಲ್ಲಿಂದ ನೇರ ಅರಣ್ಯದ ಕಚೇರಿಗೆ ನಡೆದಳು. ಗಂಡನ ಕೆಲಸ ಕೇಳಿ ಪಡೆದಳು. ಆರು ವರ್ಷ ಗೊರಿಲ್ಲಾಗಳ ಹೆಜ್ಜೆ ಅರಸುತ್ತ ಇನ್ನೊಂದು ಹೆಜ್ಜೆಯನ್ನೂ ಅರಸಿದಳು.

ಜೂನ್ ತಿಂಗಳ ಒಂದು ಬೆಳಿಗ್ಗೆ, ಹಿಂದೆ ಬರುತ್ತಿದ್ದ ಪ್ರವಾಸಿಗಳಿಗಿಂತ ಒಂದು ಗಂಟೆ ಮುಂದೆ, ಗೊರಿಲ್ಲಾಗಳು ರಾತ್ರಿ ಮಲಗಿದ್ದ ಎಲೆಹಾಸು ಅವಳಿಗೆ ಸಿಕ್ಕಿತು. ಲದ್ದಿ ಇನ್ನೂ ಬೆಚ್ಚಗಿತ್ತು. ಮುರಿದ ಗಿಡಗಳ ಜಾಡಿನಲ್ಲೇ ಇಳಿದರೆ ನರಳುವ ಸದ್ದು. ಬಿಟಾರಿಹೊ ಬಿದ್ದಿದ್ದ. ತೊಡೆ ಹರಿದು, ಕಾಲು ಮುರಿದಿತ್ತು. ಅವನ ಉರುಳಿಗೆ ಗೊರಿಲ್ಲಾ ಮರಿಯ ಕೈ ಸಿಕ್ಕಿ, ಹಿಂಡಿನ ಯಜಮಾನನಾದ ಬೆಳ್ಳಿಬೆನ್ನಿನ ಗಂಡು ಅವನ ಮೈಮೇಲೆ ಎರಗಿತ್ತು. ಮರಿ ಹಗ್ಗ ಕಿತ್ತುಕೊಂಡು ಹಿಂಡಿನೊಡನೆ ಹೋಗಿತ್ತು.

"ಅತ್ತಿಗೆ, ದೇವರು ಕಳಿಸಿದ ಹಾಗೆ ಬಂದೆ. ನೀರು ಕೊಡು."

ಅವಳು ಅವನ ಎಡಗೈ ಬಳಿ ಬಿದ್ದಿದ್ದ ಈಟಿಯನ್ನು ಆಚೆಗೆ ಒದ್ದು, ಅವನ ಕೈಗೆಟುಕದಷ್ಟು ದೂರದಲ್ಲಿ ಕುಕ್ಕರಗಾಲಲ್ಲಿ ಕೂತಳು. ಬಾಟಲಿ ತೆಗೆದು ತಾನು ಕುಡಿದಳು.

"ಬೆಯಾಂಗನೂ ನೀರು ಕೇಳಿದ್ನಾ?"

"ಯಾವಾಗಿನ ಮಾತು ಅದು? ವೈರ್‌ಲೆಸ್‌ನಲ್ಲಿ ಜನ ಕರೆಸು. ರಕ್ತ ನಿಲ್ತಿಲ್ಲ."

"ಕರೆಸ್ತೀನಿ. ನನಗೇನೂ ಅವಸರ ಇಲ್ಲ, ನಿನಗಿದ್ರೆ ಹೇಳು."

ನೊಣಗಳು ಮುತ್ತಿದವು. ಅವನು ಅಮ್ಮನ ಆಣೆ ಇಟ್ಟ, ಬೈದ, ಅತ್ತ. ಅವಳು ಕದಲಲಿಲ್ಲ. ಕೊನೆಗೆ ಅವನೇ ಒದರಿದ:

"ಹೌದು, ನಾನೇ ತಿವಿದೆ. ಗುರುತು ಹಿಡಿದುಬಿಡ್ತಾನೆ ಅಂತ ತಿವಿದೆ. ಈಗ್ಲಾದ್ರೂ ಕರೆಸೇ."

"ಕರೆಸಿ ಆಯ್ತು," ಎಂದು ಅವಳು ವೈರ್‌ಲೆಸ್ ಎತ್ತಿ ತೋರಿಸಿದಳು. ಮಾತು ಕಳಿಸುವ ಗುಂಡಿಯನ್ನು ಅವಳ ಹೆಬ್ಬೆರಳು ಆಗಿನಿಂದಲೂ ಒತ್ತಿಕೊಂಡೇ ಇತ್ತು. ಅರಣ್ಯ ಠಾಣೆಯ ಕಾವಲುಗಾರರೂ, ಹಿಂದೆ ಪ್ರವಾಸಿಗಳ ಜೊತೆಗಿದ್ದ ಮಾರ್ಗದರ್ಶಿಯೂ ಅಷ್ಟನ್ನೂ ಕೇಳಿಸಿಕೊಂಡಿದ್ದರು. ಆಮೇಲೆ ಅವನ ತೊಡೆಗೆ ಬಟ್ಟೆ ಬಿಗಿದಳು, ಎಲುಬು ಕಿರುಗುಟ್ಟುವಷ್ಟು ಬಿಗಿಯಾಗಿ. ಎಂಟು ಜನ ಬಂದು ಅವನನ್ನು ಡೋಲಿಯಲ್ಲಿ ಹೊತ್ತರು. ಕಡಿದಾದ ಏರಿನಲ್ಲಿ ಒಬ್ಬ, "ಅಕ್ಕಾ, ಒಂದು ಕೈ ಹಾಕು," ಎಂದ. ಅವಳು ಕೈಕಟ್ಟಿಕೊಂಡು ಹಿಂದೆ ನಡೆದಳು.

ಹದಿನೆಂಟು ವರ್ಷ ಶಿಕ್ಷೆಯಾಯಿತು. ಆ ದಿನ ಅವಳ ತಂಗಿ ಕೇಳಿದಳು: "ಅಲ್ಲೇ ಬಿಟ್ಟು ಬಂದಿದ್ರೆ ಸಾಯ್ತಿದ್ದ. ಯಾರಿಗೂ ಗೊತ್ತಾಗ್ತಿರ್ಲಿಲ್ಲ. ಯಾಕಕ್ಕ ಉಳಿಸ್ದೆ?"

"ಸತ್ತಿದ್ರೆ ಅವತ್ತೇ ಮುಗಿದುಹೋಗ್ತಿತ್ತು," ಎಂದಳು ಕ್ಯಾರಿಸೀಮಾ.

ಈಗಲೂ ವರ್ಷಕ್ಕೊಮ್ಮೆ, ಗಂಡ ಸತ್ತ ದಿನ, ಬಸ್ಸು ಹತ್ತಿ ಜೈಲಿಗೆ ಹೋಗುತ್ತಾಳೆ. ಸರಳಿನಾಚೆ ಕುಂಟುತ್ತ ಬರುವ ಅವನೆದುರು ಅರ್ಧ ಗಂಟೆ ಕೂರುತ್ತಾಳೆ. ಒಂದು ಮಾತೂ ಆಡದೆ ಎದ್ದು ಬರುತ್ತಾಳೆ.