ನಂದಿಯ ಯಜಮಾನರಿಗೆ ನಾನು ಹೇಳಿದ ರೇಟು

ಕಾರು ಮಾರುವ ಕೆಲಸದಲ್ಲಿ ನಾನು ಆರು ವರ್ಷ ಇದ್ದೆ. ಅಂಥಿಂಥ ಕಾರಲ್ಲ. ಎರಡೇ ಬಾಗಿಲಿನ, ಹೊಟ್ಟೆ ನೆಲಕ್ಕೆ ತಾಗುವಂಥ, ಶುರು ಮಾಡಿದರೆ ಪಕ್ಕದ ಬೀದಿಯವರೂ ತಿರುಗಿ ನೋಡುವಂಥ ಸ್ಪೋರ್ಟ್ಸ್ ಕಾರುಗಳು. ಷೋರೂಮ್ ಬೆಂಗಳೂರಿನಲ್ಲಿ, ನನ್ನ ಊರು ಮಂಡಿಕಲ್ ಹತ್ತಿರ. ಚಿಕ್ಕಬಳ್ಳಾಪುರದಲ್ಲಿ ಮನೆ ಮಾಡಿಕೊಂಡು ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಎಂಬತ್ತು ಲಕ್ಷದ ಗಾಡಿ ಮಾರುವ ನಾನು ಬಸ್ಸಿನ ಸೀಟಿಗಾಗಿ ಜಗಳ ಆಡುತ್ತಿದ್ದೆ. ನನ್ನ ಬಾಯಿ ಜೋರು. ಆ ಬಾಯಿಯ ಮೇಲೆ ನನಗೆ ಜಂಬವೂ ಇತ್ತು.

ಅವರು ಬಂದದ್ದು ಒಂದು ಫೆಬ್ರವರಿಯಲ್ಲಿ. ನಂದಿಯ ದ್ರಾಕ್ಷಿ ತೋಟದ ಯಜಮಾನರು, ಐವತ್ತೈದು ದಾಟಿದವರು. ಬಿಳಿ ಷರಟು, ಪಂಚೆ, ಕೈಯಲ್ಲೊಂದು ಬಟ್ಟೆ ಚೀಲ. ಪಂಚೆ ನೋಡಿ ಕಡೆಗಣಿಸುವ ದಡ್ಡತನ ನಮ್ಮಲ್ಲಿ ಯಾರಿಗೂ ಇರಲಿಲ್ಲ. ನಂದಿ ಕಡೆ ರಸ್ತೆ ಪಕ್ಕದ ಒಂದು ಎಕರೆ ಮಾರಿದರೆ ಕೈಗೆ ಏನು ಬರುತ್ತದೆ ಎಂಬುದು ಷೋರೂಮಿನ ಕಾವಲಿನವನಿಗೂ ಗೊತ್ತಿತ್ತು. ಎಲ್ಲರಿಗಿಂತ ಮೊದಲು ಎದ್ದು ಹೋದವಳು ನಾನು.

ಎರಡು ಮಾತಾಡುವಷ್ಟರಲ್ಲಿ ನಾನು ಯಾವ ಕಡೆಯವಳೆಂದು ಅವರಿಗೆ ತಿಳಿಯಿತು.

“ಮಂಡಿಕಲ್ಲಾ? ನಮ್ಮಮ್ಮನ ತವರು ಅಲ್ಲೇ ಪಕ್ಕ ಕಣಮ್ಮ. ಹಂಗಾದ್ರೆ ನೀನು ನಮ್ಮೋಳೇ,” ಎಂದು ಕುರ್ಚಿ ಎಳೆದುಕೊಂಡು ಕೂತರು. ಆಮೇಲೆ ತಮ್ಮ ಆಸೆ ಹೇಳಿದರು. “ಭಾನುವಾರ ಬೆಳಗ್ಗೆ ಈ ಗಾಡಿಗಳು ಸಾಲಾಗಿ ಬೆಟ್ಟಕ್ಕೆ ಹೋಗ್ತವಲ್ಲ, ಇಪ್ಪತ್ತು ವರ್ಷದಿಂದ ತೋಟದಲ್ಲಿ ನಿಂತು ನೋಡ್ತಿದೀನಿ. ಔಷಧಿ ಹೊಡೀತಾ ಇದ್ದೋನು ಹಂಗೇ ನಿಂತ್ಬಿಡ್ತೀನಿ. ನಮ್ಮನೆಯವಳು ಬೈತಾಳೆ. ಈಗ ಅವಳೇ ಒಪ್ಪಿದ್ಲು. ಒಂದೇ ಮಾತು ಹೇಳಿ ಕಳಿಸಿದಾಳೆ, ತಗೊಳ್ಳಿ, ಆದ್ರೆ ಟೋಪಿ ಹಾಕಿಸ್ಕೊಂಡು ಬರ್ಬೇಡಿ ಅಂತ.”

ಅವರು ಮೆಚ್ಚಿದ್ದು ಕೆಂಪು ಗಾಡಿ. ಅದು ಹಿಂದಿನ ವರ್ಷ ತಯಾರಾದದ್ದು. ವರ್ಷ ತಿರುಗಿದ ಮೇಲೆ ಅಂಥ ಗಾಡಿಯನ್ನು ಯಾರೂ ಪೂರ್ತಿ ಬೆಲೆಗೆ ಕೊಳ್ಳುವುದಿಲ್ಲ. ನಾಲ್ಕು ಲಕ್ಷದವರೆಗೆ ಬಿಡಬಹುದು ಎಂದು ಮ್ಯಾನೇಜರು ಮೊದಲೇ ಹೇಳಿದ್ದರು. ಕೇಳಿದವರಿಗೆ ಬಿಡು, ಕೇಳದಿದ್ದರೆ ಸುಮ್ಮನಿರು, ಇದು ನಮ್ಮಲ್ಲಿದ್ದ ಪಾಠ. ಸುಮ್ಮನಿದ್ದು ಉಳಿಸಿದ ದುಡ್ಡಿನಲ್ಲಿ ಮಾರಿದವರಿಗೂ ಒಂದು ಪಾಲು ಸಿಗುತ್ತಿತ್ತು. ಆದರೆ ಕೇಳದೆ ಹೋಗುವವರು ಎಲ್ಲಿದ್ದಾರೆ? ಚಿಂತಾಮಣಿಯಿಂದ ಬಂದವರೊಬ್ಬರು ಮೂರು ದಿನ ಕೂತು, ಕೊನೆಗೆ ಕಾಲೊರೆಸುವ ಮ್ಯಾಟನ್ನೂ ಬಿಟ್ಟಿ ಹಾಕಿಸಿಕೊಂಡು ಹೋಗಿದ್ದರು. ಇವರೂ ಅರ್ಧಕ್ಕರ್ಧ ಕೇಳುತ್ತಾರೆ, ನಾನು ಅಳುಮುಖ ಮಾಡಬೇಕು, ಮ್ಯಾನೇಜರ ಕೋಣೆಗೆ ಎರಡು ಸಲ ಹೋಗಿಬರಬೇಕು ಎಂದು ನಾನು ತಯಾರಾಗಿ ಕೂತೆ.

ಅವರು ಚೌಕಾಸಿಗೆ ಇಳಿಯಲೇ ಇಲ್ಲ.

“ನಾನು ಬೆಳೆದ ಹಣ್ಣಿಗೆ ನಾನು ಯಾವತ್ತೂ ರೇಟು ಕಟ್ಟಿದೋನಲ್ಲ. ತೋಟಕ್ಕೆ ಬಂದ ವ್ಯಾಪಾರಿ ಹೇಳ್ದಂಗೆ. ಅವನ ಹತ್ರ ಎಳೆದಾಡಿ ಎಳೆದಾಡಿ ನನಗೆ ಸಾಕಾಗಿದೆ. ಇವತ್ತು ಅದು ಬೇಡ. ನ್ಯಾಯವಾದ ರೇಟು ಯಾವುದು ಅಂತ ನೀನೇ ಹೇಳು, ಕೊಡ್ತೀನಿ,” ಎಂದವರು ಚೀಲದಿಂದ ವೀಳ್ಯದೆಲೆ, ಅಡಿಕೆ, ನೂರಾ ಒಂದು ರೂಪಾಯಿ ತೆಗೆದು ನನ್ನ ಮುಂದೆ ಹಿಡಿದರು.

ನಮ್ಮ ಕಡೆ ಹೆಣ್ಣು ಗೊತ್ತು ಮಾಡುವುದಾಗಲಿ, ಹೊಲದ ವ್ಯವಹಾರವಾಗಲಿ, ತಾಂಬೂಲ ಕೈ ಬದಲಾಯಿತು ಎಂದರೆ ಮಾತು ಮುಗಿಯಿತು. ಆಮೇಲೆ ಯಾರೂ ಹಿಂದೆ ಸರಿಯುವುದಿಲ್ಲ. ಬೇರೆ ಊರಿನ ಹುಡುಗಿಯ ಕೈಗೆ ಅದು ಬರೀ ಎಲೆ ಅಡಿಕೆ. ನನಗೆ ಅದೇನೆಂದು ಚೆನ್ನಾಗಿ ಗೊತ್ತಿತ್ತು. ಎರಡೂ ಕೈ ಚಾಚಿ ತೆಗೆದುಕೊಂಡೆ. ತೆಗೆದುಕೊಂಡು ಪೂರ್ತಿ ಬೆಲೆ ಹೇಳಿದೆ.

“ಇದೇ ನ್ಯಾಯವಾದ ರೇಟಾ ತಾಯಿ?”

“ಹೂಂ ಮಾವ, ಇದೇ.”

ಅದುವರೆಗೆ ಸಾರ್ ಸಾರ್ ಎನ್ನುತ್ತಿದ್ದವಳು ಸುಳ್ಳು ಹೇಳುವ ಹೊತ್ತಿಗೆ ಸರಿಯಾಗಿ ಮಾವ ಎಂದೆ. ಅದು ಬೇಕೆಂದೇ ಬಂದ ಮಾತೋ, ಬಾಯಿತಪ್ಪಿ ಬಂದದ್ದೋ, ಎಷ್ಟು ಯೋಚಿಸಿದರೂ ನನಗೆ ಇವತ್ತಿಗೂ ಗೊತ್ತಾಗಿಲ್ಲ. ಬೇಕೆಂದೇ ಇರಬೇಕು.

ಮನೆಯಲ್ಲಿ ಕಷ್ಟವಿತ್ತು, ಯಾರಿಗೋ ಆಪರೇಷನ್ ಆಗಬೇಕಿತ್ತು ಎಂದು ಬರೆದರೆ ಓದಿದವರು ಅಯ್ಯೋ ಪಾಪ ಎಂದಾರು. ಅಂಥದ್ದೇನೂ ಇರಲಿಲ್ಲ. ಆ ತಿಂಗಳ ಪಟ್ಟಿಯಲ್ಲಿ ನಾನು ಎಲ್ಲರಿಗಿಂತ ಮೇಲೆ ಇರಬೇಕು ಅನ್ನಿಸಿತ್ತು, ಅಷ್ಟೇ. ಇದ್ದೆ ಕೂಡ. ಮ್ಯಾನೇಜರು ಎಲ್ಲರೆದುರು ಚಪ್ಪಾಳೆ ಹೊಡೆಸಿದರು.

ಒಂದು ತಿಂಗಳು ಕಳೆದು ಯಜಮಾನರ ಫೋನು ಬಂತು. ಭಾನುವಾರ ಊಟಕ್ಕೆ ಬರಲೇಬೇಕು, ಮನೆಯವಳು ಹಟ ಹಿಡಿದಿದ್ದಾಳೆ ಎಂದರು. ಅಷ್ಟು ದಿನ ಒಳಗೊಳಗೇ ಕೊರೆಯುತ್ತಿದ್ದುದನ್ನು ಅವತ್ತು ಹೇಳಿ ಮುಗಿಸಿಬಿಡಬೇಕು ಎಂದುಕೊಂಡೇ ನಂದಿಗೆ ಹೋದೆ. ಆದರೆ ಆಕೆ ನನಗೆ ಬಾಯಿ ಬಿಡಲು ಜಾಗವನ್ನೇ ಕೊಡಲಿಲ್ಲ. ಬಿಸಿ ಮುದ್ದೆ, ಬಸ್ಸಾರು ಬಡಿಸುತ್ತಾ, ಪಕ್ಕದ ಮನೆಯವಳನ್ನೂ ಕರೆದು ನನ್ನನ್ನು ತೋರಿಸಿದರು.

“ಇವಳೇ ಕಣೇ ಆ ಹುಡುಗಿ. ನಮ್ಮೋರನ್ನ ಯಾರು ಬೇಕಾದ್ರೂ ಏಮಾರಿಸ್ತಾರೆ, ದ್ರಾಕ್ಷಿ ವ್ಯಾಪಾರಿ ಏಮಾರಿಸಿದ, ಬೋರ್ ಹಾಕಿದೋನು ಏಮಾರಿಸಿದ. ಮದುವೆಯಾಗಿ ಮೂವತ್ತು ವರ್ಷಕ್ಕೆ ಇದೊಂದು ವ್ಯಾಪಾರ ನೆಟ್ಟಗೆ ಮಾಡ್ಕೊಂಡು ಬಂದ್ರು.”

ಯಜಮಾನರು ಗೋಡೆಗೆ ಒರಗಿ ನಗುತ್ತಿದ್ದರು. ಗಂಡಸು ಹಾಗೆ ನಾಚಿಕೊಂಡು, ಹೆಮ್ಮೆಪಟ್ಟುಕೊಂಡು ನಕ್ಕಿದ್ದನ್ನು ನಾನು ಹೆಚ್ಚು ಕಂಡಿಲ್ಲ. ಊಟವಾದ ಮೇಲೆ ಆಕೆ ತವರಿಗೆ ಬಂದ ಮಗಳಿಗೆ ಮಾಡುವ ಹಾಗೆ ಕುಂಕುಮ ಇಟ್ಟು, ಅಕ್ಕಿ, ಬೆಲ್ಲ, ಕೊಬ್ಬರಿ, ರವಿಕೆ ಕಣ ಹಾಕಿ ನನ್ನ ಮಡಿಲು ತುಂಬಿದರು. ನಾನು ಬಗ್ಗಿ ಕಾಲಿಗೆ ಬಿದ್ದೆ. ಯಾಕೆ ಅಷ್ಟು ಹೊತ್ತು ಏಳಲಿಲ್ಲ ಎಂದು ಅವರಿಗೆ ತಿಳಿದಿರಲಾರದು.

ಬಸ್ ಸ್ಟಾಪಿಗೆ ಯಜಮಾನರೇ ಬಿಟ್ಟರು, ಅದೇ ಕೆಂಪು ಗಾಡಿಯಲ್ಲಿ. ಇಪ್ಪತ್ತರ ವೇಗ. ಉಬ್ಬು ಬಂದ ಕಡೆಯೆಲ್ಲ ಗಾಡಿಯನ್ನು ಓರೆಯಾಗಿ ತಿರುಗಿಸಿ, ಉಸಿರು ಬಿಗಿಹಿಡಿದು ದಾಟಿಸುತ್ತಿದ್ದರು. ನಾನು ಮುಂದಿನ ಗಾಜನ್ನೇ ನೋಡುತ್ತಾ ಎಲ್ಲವನ್ನೂ ಹೇಳಿದೆ. ಹಳೇ ವರ್ಷದ ಗಾಡಿ, ನಾಲ್ಕು ಲಕ್ಷ, ನನ್ನ ಪಾಲು. ಆ ಪಾಲನ್ನಾದರೂ ವಾಪಸ್ ಕೊಡುತ್ತೇನೆ ಎಂದೆ.

ಅವರು ಬ್ರೇಕ್ ಹಾಕಲಿಲ್ಲ, ನನ್ನ ಕಡೆ ತಿರುಗಲೂ ಇಲ್ಲ. ಸ್ವಲ್ಪ ದೂರ ಹೋದ ಮೇಲೆ, “ಕೊಟ್ರೆ ಎಲ್ಲಿ ಇಡ್ಲಮ್ಮ? ಎಲ್ಲಿಂದ ಬಂತು ಅಂತ ಅವಳು ಕೇಳಲ್ವಾ?” ಎಂದರು. ಇನ್ನೊಂದು ಉಬ್ಬು ದಾಟಿಸಿದ ಮೇಲೆ, “ನೀನು ಹೇಳಿ ಹಗುರ ಆದೆ. ನಾನು ಯಾರಿಗೆ ಹೇಳ್ಕೊಳ್ಲಿ?”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಇಳಿಯುವಾಗ ಮಡಿಲಕ್ಕಿಯ ಗಂಟನ್ನು ಸೀಟಿನ ಮೇಲೇ ಬಿಡಲು ನೋಡಿದೆ. ಅದನ್ನು ಹೊತ್ತುಕೊಂಡು ಹೋಗುವ ಮುಖ ನನಗಿರಲಿಲ್ಲ.

“ತಗೊಂಡೋಗು. ಬಿಟ್ಟೋದ್ರೆ ಅವಳು ನೋಡ್ತಾಳೆ,” ಎಂದರು. ಆಗ ಮೊದಲ ಸಲ ನನ್ನ ಮುಖ ನೋಡಿದರು. ಕೋಪವಿರಲಿಲ್ಲ. “ಯುಗಾದಿಗೆ ಕರೀತೀನಿ ಅಂತ ಈಗಲೇ ಹೇಳ್ತಾವ್ಳೆ. ಕರೆದ್ರೆ ಬರ್ತೀನಿ ಅನ್ನು. ಆದ್ರೆ ಬರ್ಬೇಡಮ್ಮ.”

ಹಬ್ಬಕ್ಕೆ ಎರಡು ದಿನ ಇರುವಾಗ ಆಕೆಯ ಫೋನು ಬಂತು. “ಬರ್ತೀನಿ ಅತ್ತೆ,” ಎಂದೆ. ಯುಗಾದಿಯ ಮಧ್ಯಾಹ್ನ ಆಕೆ ಇನ್ನೆರಡು ಸಲ ಫೋನ್ ಮಾಡಿದರು. ನಾನು ಎತ್ತಲಿಲ್ಲ.