ಹೆಬ್ಬೆರಳು ಹೇಳಿದ ಸುಳ್ಳು

ಬೀದಿಯವರೆಲ್ಲ ಅವನನ್ನು ಗಾಜಜ್ಜ ಎಂದೇ ಕರೆಯುವುದು. ಮೀಸೆ ಚಿಗುರಿದಾಗಿನಿಂದ ತಲೆ ನರೆಯುವ ತನಕ ಕನ್ನಡಕದ ಗಾಜು ಉಜ್ಜಿ ಬದುಕಿದವನು. ಉಜ್ಜಿದ ಗಾಜನ್ನು ಬಟ್ಟೆಯಿಂದ ಒರೆಸಿ, ಹೆಬ್ಬೆರಳನ್ನು ಮೆಲ್ಲಗೆ ಆಡಿಸಿ, ಮತ್ತೊಮ್ಮೆ ಒರೆಸುವುದು ಅವನ ಪದ್ಧತಿ. ಕಣ್ಣಿಗೆ ಸಿಗದ ಧೂಳು ಬೆರಳಿಗೆ ಸಿಗುತ್ತಿತ್ತು. "ಕಣ್ಣು ಸುಳ್ಳು ಹೇಳುತ್ತೆ, ಹೆಬ್ಬೆರಳು ಹೇಳಲ್ಲ" ಎನ್ನುವುದು ಅವನಿಗೆ ಕೆಲಸ ಕಲಿಸಿದ ಮೇಸ್ತ್ರಿಯ ಮಾತು.

ಯಂತ್ರ ಬಂದು ಕೈಕೆಲಸಕ್ಕೆ ಕಲ್ಲು ಬಿದ್ದ ಮೇಲೆ ಅಜ್ಜ ಮನೆಯಲ್ಲಿ ಕೂತ. ಸುಮ್ಮನೆ ಕೂರುವ ಜಾಯಮಾನವಲ್ಲ. ಗಡಿಯಾರ ಬಿಚ್ಚಿದ, ಕುಕ್ಕರಿನ ಸೀಟಿ ಬಿಚ್ಚಿದ. ಅಂದಿನಿಂದ ಗಡಿಯಾರ ಕೂಗುತ್ತದೆ, ಕುಕ್ಕರು ಟಿಕ್ ಟಿಕ್ ಅನ್ನುತ್ತದೆ ಎಂದು ಸೊಸೆ ಆಡಿಕೊಳ್ಳುತ್ತಾಳೆ. ಅಷ್ಟರಲ್ಲಿ ಸುತ್ತ ಎತ್ತರದ ಕಟ್ಟಡವಿಲ್ಲದ ತಾರಸಿ ಹುಡುಕಿಕೊಂಡು ಹವಾಮಾನ ಕೇಂದ್ರದವರು ಬಂದರು. ಬಿಸಿಲಿನಲ್ಲಿ ಅಡಗಿರುವ ನೇರಳಾತೀತ ಕಿರಣ ಅಳೆಯಲು ಊರೂರಿನಲ್ಲಿ ಉಪಕರಣ ಕೂರಿಸಿ ಒಂದು ಜಾಲ ಕಟ್ಟುತ್ತಿದ್ದರು. ಅಜ್ಜನ ತಾರಸಿಯ ಮೇಲೆ ಎರಡು ಡಬ್ಬ ಕೂತವು. ಒಂದು ಆ ಕಿರಣಕ್ಕೆ, ಇನ್ನೊಂದು ಸಾಧಾರಣ ಬೆಳಕಿಗೆ. ಎರಡರ ನೆತ್ತಿಗೂ ಅರ್ಧ ನಿಂಬೆಹಣ್ಣಿನಂಥ ಗಾಜಿನ ಗುಮ್ಮಟ. ಒರೆಸುವ ಕೆಲಸ ಅಜ್ಜನದು.

"ಕಾಣದ ಬಿಸಿಲು ಅಂದ್ರೆ ಹೇಗಮ್ಮ?" ಎಂದು ಕೂರಿಸಲು ಬಂದ ಇಂಜಿನಿಯರಮ್ಮನನ್ನು ಕೇಳಿದ್ದ.

"ಕಣ್ಣಿಗೆ ಕಾಣಲ್ಲ ಅಜ್ಜ, ಚರ್ಮಕ್ಕೆ ಗೊತ್ತಾಗುತ್ತೆ. ತೆಳು ಮೋಡ ಇದ್ದಾಗಲೂ ಮೈ ಸುಡುತ್ತಲ್ಲ, ಅದು."

"ಹಾಗಾದ್ರೆ ಕಳ್ಳಬಿಸಿಲು ಅನ್ನು."

ಅಲ್ಲಿಂದ ಅದೇ ಹೆಸರು ನಿಂತಿತು. ಅಂದಂದಿನ ಅಂಕಿ ಫೋನಿನಲ್ಲಿ ಬರುತ್ತಿತ್ತು. ಎದುರು ಮನೆಗೆ ಬಣ್ಣ ಬಳಿಯುವವನಿಗೆ ಅಜ್ಜ ತಾರಸಿಯಿಂದಲೇ ಕೂಗುತ್ತಿದ್ದ: "ಇವತ್ತು ಕಳ್ಳ ಜೋರಾಗಿದಾನೆ, ಟೋಪಿ ಹಾಕ್ಕೊಳ್ಳೋ."

ಆಮೇಲೆ ಅಜ್ಜನ ಕಿವಿಯ ತುದಿಯಲ್ಲೊಂದು ಗಂಟು ಎದ್ದು, ಡಾಕ್ಟರು ಕತ್ತರಿಸಿ ತೆಗೆದು, ಬಿಸಿಲಿನ ಕೆಲಸ ಇದು ಎಂದರು. ಸೊಸೆ ಆ ಸಂಜೆಯೇ ಒಂದು ಕ್ರೀಮು ತಂದಳು.

"ಹಚ್ಕೊಂಡೇ ತಾರಸಿ ಹತ್ಬೇಕು ಮಾವ."

"ಈ ವಯಸ್ಸಲ್ಲಿ ನನ್ನ ನೋಡೋಕೆ ಯಾವ ಹೆಣ್ಣು ಬರ್ತಾಳೆ?"

"ಬಂದವಳು ಕಿವಿ ನೋಡಿ ಓಡ್ಬಾರ್ದಲ್ಲ. ಹಚ್ಕೊಳ್ಳಿ."

ಅಜ್ಜ ಗೊಣಗುತ್ತ ಹಚ್ಚಿಕೊಂಡ. ದಿನವೂ ಹಚ್ಚಿಕೊಂಡ.

ಕೆಲವು ವಾರ ಕಳೆದು ಇಂಜಿನಿಯರಮ್ಮನ ಫೋನು ಬಂತು. "ಅಜ್ಜ, ನಿಮ್ಮ ತಾರಸಿಯ ಅಂಕಿ ಇಳೀತಾನೇ ಇದೆ. ಪಕ್ಕದ ಊರುಗಳಲ್ಲಿ ಇಳಿದಿಲ್ಲ. ಬೆಳಕಿನ ಡಬ್ಬನೂ ಸರಿಯಾಗಿದೆ. ಈ ಡಬ್ಬ ಕೆಟ್ಟಿರಬೇಕು, ಸೋಮವಾರ ಬಿಚ್ಕೊಂಡು ಹೋಗ್ತೀವಿ."

"ಬದಲಿಗೆ ಬೇರೆ ಕೂರಿಸ್ತೀರಾ?"

"ಸದ್ಯಕ್ಕೆ ಬೇರೆ ಇಲ್ಲ ಅಜ್ಜ."

ಅಂದರೆ ಜಾಲದಲ್ಲಿ ಈ ಊರಿನ ಜಾಗಕ್ಕೆ ತೂತು. ಅಜ್ಜನಿಗೆ ಅನ್ನ ಇಳಿಯಲಿಲ್ಲ. ತೂತಿನ ಚಿಂತೆ ಒಂದಾದರೆ, ಬೆಳಕು ಪೂರ್ತಿ ಇದ್ದು ಕಳ್ಳಬಿಸಿಲೊಂದೇ ಎಲ್ಲಿ ಸೋರಿಹೋಗುತ್ತಿದೆ ಎಂಬ ಕುತೂಹಲ ಅದಕ್ಕಿಂತ ದೊಡ್ಡದು. ಪೀಠ ವಾಲಿದೆಯೇ ನೋಡಿದ, ನೀರಿನ ಟ್ಯಾಂಕಿನ ನೆರಳು ಬೀಳುತ್ತದೆಯೇ ನೋಡಿದ. ಗುಮ್ಮಟಕ್ಕೆ ಕಣ್ಣು ತಾಗಿಸಿ ನೋಡಿದ. ಗಾಜು ಕಣ್ಣೀರಿನ ಹನಿಯಷ್ಟು ತಿಳಿಯಾಗಿತ್ತು.

"ಬಿಸಿಲು ಬರುತ್ತೆ, ಕಳ್ಳ ಮಾತ್ರ ಬಾಗಿಲಲ್ಲೇ ನಿಲ್ತಾನೆ. ತಡೆಯೋರು ಯಾರು?" ಎಂದು ಮಧ್ಯಾಹ್ನ ಊಟಕ್ಕೆ ಕೂತಾಗ ಕೇಳಿದ.

"ನಿಮ್ಮ ಕಿವಿಲಿ ತಡೆಯೋರೇ ಇರ್ಬೇಕು," ಎಂದು ಸೊಸೆ ನಕ್ಕು, ಕಿಟಕಿಯ ಮೇಲಿದ್ದ ಕ್ರೀಮಿನ ಟ್ಯೂಬು ಎತ್ತಿಕೊಂಡು ಓದಿದಳು: "ನೇರಳಾತೀತ ಕಿರಣ ತಡೆಯುತ್ತದೆ. ಹಚ್ಚಿದ್ದು ಕಣ್ಣಿಗೆ ಕಾಣುವುದಿಲ್ಲ."

ಅಜ್ಜನ ತುತ್ತು ಅರ್ಧಕ್ಕೇ ನಿಂತಿತು. ಬಲಗೈ ಹೆಬ್ಬೆರಳನ್ನು ಕಣ್ಣಿನ ಹತ್ತಿರ ತಂದು ನೋಡಿದ. ಕಿವಿಗೆ ಹಚ್ಚಿದ ಬೆರಳು ಅದೇ, ಗುಮ್ಮಟದ ಮೇಲೆ ಆಡಿಸಿದ ಬೆರಳೂ ಅದೇ. ಮೇಲೆ ಬಟ್ಟೆಯಿಂದ ಒರೆಸಿ ಒರೆಸಿ ತೆಳ್ಳಗೆ ಹರಡಿದ್ದೂ ಅವನೇ.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ," ಎಂದ. "ನಾನು ಎಮ್ಮೆಗೆ ಮುಲಾಮು ಹಚ್ಚಿದೀನಿ ಕಣೇ."

ಕೈ ತೊಳೆದು, ಸ್ಪಿರಿಟ್ಟು ಮತ್ತು ಹೊಸ ಬಟ್ಟೆ ಹಿಡಿದು ಮೇಲೆ ಹೋದ. ಬರಿ ಬೆರಳು ತಾಗಿಸದೆ ಒರೆಸಿದ. ನೋಡಲು ಗಾಜು ಮೊದಲು ಹೇಗಿತ್ತೋ ಹಾಗೇ ಇತ್ತು. ಫೋನಿನಲ್ಲಿ ಮಾತ್ರ ಅಂಕಿ ಎದ್ದು ನಿಂತಿತು.

ಈಗ ಬಾಯಿ ಮುಚ್ಚಿಕೊಂಡಿದ್ದರೂ ಡಬ್ಬ ಉಳಿಯುತ್ತಿತ್ತು. ಆದರೆ ಅಷ್ಟು ದಿನದ ಇಳಿದ ಅಂಕಿಯೆಲ್ಲ ಸೂರ್ಯನ ತಲೆಗೆ ಕಟ್ಟಿದಂತಾಗುತ್ತಿತ್ತು. ಹೇಳಿದರೆ ಒರೆಸುವ ಕೆಲಸ ಹೋದರೂ ಹೋದೀತು. ಅಜ್ಜ ಗುಮ್ಮಟದ ಪಕ್ಕ ಕುಕ್ಕರಗಾಲಲ್ಲಿ ಕೂತು ಫೋನು ಮಾಡಿದ.

"ಡಬ್ಬ ಕೆಟ್ಟಿಲ್ಲಮ್ಮ. ಕೆಟ್ಟಿದ್ದು ನನ್ನ ಹೆಬ್ಬೆರಳು."

ಕ್ರೀಮಿನ ಕಥೆಯನ್ನೆಲ್ಲ ಬಿಡಿಸಿ ಹೇಳಿದ. ಇಂಜಿನಿಯರಮ್ಮ ಅಂದಳು: "ಕ್ರೀಮು ಶುರು ಮಾಡಿದ ದಿನ ನೆನಪಿದ್ರೆ ಹೇಳಿ ಅಜ್ಜ. ಅಲ್ಲಿಂದ ಇವತ್ತಿನವರೆಗಿನ ಅಂಕಿ ಪಕ್ಕಕ್ಕೆ ಇಡ್ತೀನಿ. ಸೋಮವಾರ ಬರ್ತೀನಿ, ಬಿಚ್ಚೋಕಲ್ಲ. ನಿಮಗೆ ಕೈಗವಸು ತರ್ತೀನಿ."

"ತರೋದೇ ಆದ್ರೆ ಡಬ್ಬದ ಮೇಲಿಡೋಕೆ ಇದೇ ಜಾತಿಯ ಒಂದು ಗಾಜಿನ ಬಿಲ್ಲೆನೂ ತಗೊಂಡ್ ಬಾ. ಎಷ್ಟು ಕ್ರೀಮಿಗೆ ಕಳ್ಳ ಎಷ್ಟು ಅಡಗ್ತಾನೆ, ಹಚ್ಚಿ ನೋಡೇಬಿಡೋಣ."

ಆ ಕಡೆಯಿಂದ ನಗು ಕೇಳಿಸಿತು.

ಸೋಮವಾರ ಬೆಳಗ್ಗೆ ಮೆಟ್ಟಿಲ ಬುಡದಲ್ಲಿ ಸೊಸೆ ಟ್ಯೂಬು ಹಿಡಿದು ಅಡ್ಡ ನಿಂತಳು. "ಕಿವಿಗೆ ನಾನೇ ಹಚ್ತೀನಿ. ನೀವು ಕೈ ಹಿಂದೆ ಕಟ್ಕೊಂಡು ನಿಂತ್ಕೊಳ್ಳಿ ಮಾವ."

ಅಜ್ಜ ಶಾಲೆಯ ಮಗುವಿನ ಹಾಗೆ ಕೈಕಟ್ಟಿ ನಿಂತ. ಬೆನ್ನ ಹಿಂದೆ ಹೆಬ್ಬೆರಳನ್ನು ಮುಷ್ಟಿಯೊಳಗೆ ಭದ್ರವಾಗಿ ಮುಚ್ಚಿ ಹಿಡಿದಿದ್ದ.